ಅಂಬಿಗನ ಮಾತು ಕೇಳಿದ ದಿನ

ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನವರನ್ನು ಕುರಿತು ಉಪನ್ಯಾಸ ಮಾಡುವ ಭಾಗ್ಯ ನನಗೆ ಮೂವತ್ತು ವರ್ಷಗಳಿಗೂ ಮಿಕ್ಕಿ ಒದಗಿ ಬಂದಿದೆ. ಮಠದ ಪ್ರಸಾದ ನಿಲಯದಲ್ಲಿದ್ದು ಪಾಠಶಾಲೆಯಲ್ಲಿ ಓದುತ್ತಿದ್ದಾಗಲೇ ಅವರ ವಚನಗಳನ್ನು ಕಂಠಪಾಠ ಮಾಡಿದ್ದೆ. ಉಳಿದ ಶರಣರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇರಿಸಿಕೊಂಡರೆ, ಈ ನಿಷ್ಠುರ ಶರಣರು ತಮ್ಮ ಕಾಯಕದ ಹೆಸರಿನೊಡನೆ ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು ಎಂಬುದನ್ನು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇನೆ. ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರಕ್ಕೆ ಹೋಗಿ, ನದಿಯನ್ನು ನೋಡುತ್ತ ಕುಳಿತು ಬಂದದ್ದೂ ಉಂಟು. ಆದರೆ ಒಂದು ಸಂಗತಿಯನ್ನು ವಾಚಕರಲ್ಲಿ ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು. ಅರವತ್ತು ತುಂಬುವವರೆಗೆ ನಾನು ಒಮ್ಮೆಯೂ ದೋಣಿಯ ಹುಟ್ಟನ್ನು ಕೈಯಲ್ಲಿ ಹಿಡಿದಿರಲಿಲ್ಲ.

ಆ ಕೊರತೆ ನೀಗಿದ್ದು 2019ರ ಡಿಸೆಂಬರ್ ತಿಂಗಳಿನಲ್ಲಿ. ಧಾರವಾಡದಲ್ಲಿರುವ ಮಗಳ ಮನೆಗೆ ನಾವು ದಂಪತಿಗಳು ಹೋಗಿದ್ದೆವು. ರಜೆಯೆಂದು ನನ್ನ ತಮ್ಮನ ಮಗನೂ ಬಂದಿದ್ದ; ಹದಿನಾರರ ಹುಡುಗ. ಅಳಿಯಂದಿರು ದಾಂಡೇಲಿಯ ಕಡೆ ಕಾಳೀ ನದಿಯಲ್ಲಿ ರಾಫ್ಟಿಂಗ್ ಮಾಡಿ ಬರೋಣವೆಂದು ಪ್ರಸ್ತಾಪಿಸಿದರು. ಗಾಳಿ ತುಂಬಿದ ರಬ್ಬರಿನ ತೆಪ್ಪದಲ್ಲಿ ಕುಳಿತು, ಕಲ್ಲುಬಂಡೆಗಳ ನಡುವೆ ನೊರೆಯುಕ್ಕಿಸುತ್ತ ಇಳಿಯುವ ಸೆಳವಿನಲ್ಲಿ ಸಾಗುವುದೇ ಆ ವಿನೋದ. ನಾನು ದಂಡೆಯಲ್ಲಿ ಕುಳಿತು ನೋಡುವೆನೆಂದೆ. ತಮ್ಮನ ಮಗ ಬಿಡಲಿಲ್ಲ. "ದೊಡ್ಡಪ್ಪಾರ, ನೀವು ಅಂಬಿಗರ ಚೌಡಯ್ಯನವರ ಮ್ಯಾಲೆ ಭಾಷಣ ಮಾಡೋರು. ನೀವ ಹೀಂಗಂದ್ರ ಹ್ಯಾಂಗ್ರಿ?" ಎಂದ. ಹುಡುಗನದು ಚೇಷ್ಟೆಯ ಮಾತು. ಆದರೂ ರಾತ್ರಿಯೆಲ್ಲ ಅದು ನನ್ನನ್ನು ಕಾಡಿತು. ಬೆಳಿಗ್ಗೆ ಪೂಜೆ ಮುಗಿಸಿ ಎದ್ದವನೇ ಬರುತ್ತೇನೆಂದೆ. "ನೀವೇನು ಸಣ್ಣ ಹುಡುಗರ?" ಎಂದು ಮನೆಯವರು ಗದರಿಕೊಂಡರೂ ಬುತ್ತಿ ಕಟ್ಟಿಕೊಂಡು ಜೊತೆಗೆ ಹೊರಟರು.

ಧಾರವಾಡದಿಂದ ಹಳಿಯಾಳದ ಮಾರ್ಗವಾಗಿ ಸಾಗಿದಂತೆ ಬಯಲುಸೀಮೆಯ ಕಪ್ಪು ಹೊಲಗಳು ಹಿಂದುಳಿದು, ತೇಗದ ಮರಗಳೂ ಬಿದಿರುಮೆಳೆಗಳೂ ಎದುರುಗೊಳ್ಳುತ್ತವೆ. ದಾಂಡೇಲಿಯನ್ನು ದಾಟಿ ಜೋಯಿಡಾ ರಸ್ತೆಯಲ್ಲಿ ಮುಂದುವರಿದರೆ ಗಣೇಶಗುಡಿ. ದಾರಿಯಲ್ಲಿ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗಳ ಜೋಡಿಯೊಂದು ರೆಕ್ಕೆಯ ಸದ್ದು ಮಾಡುತ್ತ ಮರದಿಂದ ಮರಕ್ಕೆ ಹಾರಿತು. ಜೋಯಿಡಾ ತಾಲೂಕಿನ ಡಿಗ್ಗಿ ಗ್ರಾಮದ ಬಳಿ ಹುಟ್ಟುವ ಕಾಳಿ, ಸುಮಾರು 184 ಕಿಲೋಮೀಟರು ಹರಿದು ಕಾರವಾರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತಾಳೆ. ಉಗಮದಿಂದ ಸಂಗಮದವರೆಗೆ ಉತ್ತರ ಕನ್ನಡ ಜಿಲ್ಲೆಯ ಬದುಕಿನೊಡನೆ ಹೆಣೆದುಕೊಂಡ ನದಿಯಿದು. ಗಣೇಶಗುಡಿಯ ಮೇಲ್ಗಡೆಯಲ್ಲಿ 101 ಮೀಟರು ಎತ್ತರದ ಸೂಪಾ ಅಣೆಕಟ್ಟು ನಿಂತಿದೆ. 1987ರಲ್ಲಿ ಪೂರ್ಣಗೊಂಡ ಈ ಕಟ್ಟೆಯ ಬುಡದ ವಿದ್ಯುದಾಗಾರದಲ್ಲಿ ತಲಾ 50 ಮೆಗಾವಾಟಿನ ಎರಡು ಯಂತ್ರಗಳಿವೆ. ಯಂತ್ರಗಳನ್ನು ತಿರುಗಿಸಿ ಹೊರಬಿದ್ದ ನೀರೇ ಕೆಳಗಿನ ಪಾತ್ರದಲ್ಲಿ ರಭಸವಾಗಿ ಹರಿದು ರಾಫ್ಟಿಂಗಿಗೆ ಒದಗುತ್ತದೆ. ನೀರು ಬಿಟ್ಟರೆ ತೆಪ್ಪ ಇಳಿಯುತ್ತದೆ. ಬಿಡದಿದ್ದರೆ ಬಂದವರು ಕಾಯಬೇಕು, ಇಲ್ಲವೆ ಹಿಂತಿರುಗಬೇಕು. ನಾವೂ ಒಂದು ತಾಸು ಕಾದೆವು. ಬರಿಯ ಬಂಡೆಗಳು ಕಾಣುತ್ತಿದ್ದೆಡೆ ನೀರು ಮೆಲ್ಲಗೆ ಏರಿ, ನೋಡನೋಡುತ್ತಿದ್ದಂತೆ ಹೊಳೆಯ ಧ್ವನಿಯೇ ಬದಲಾಯಿತು.

ತೆಪ್ಪ ನಡೆಸುವವನು ಇಪ್ಪತ್ತೈದರ ಆಸುಪಾಸಿನ ತರುಣ. ನನ್ನ ವಯಸ್ಸನ್ನು ಕೇಳಿ ಅನುಮಾನಿಸಿದ. ಹೃದಯದ ತೊಂದರೆ, ರಕ್ತದೊತ್ತಡ, ಹಿಂದೆ ಆದ ಶಸ್ತ್ರಚಿಕಿತ್ಸೆ, ಎಲ್ಲವನ್ನೂ ವಿಚಾರಿಸಿ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಧೋತರ ಉಟ್ಟು ತೆಪ್ಪವೇರುವಂತಿಲ್ಲ, ನೀರಿಗೆ ಬಿದ್ದರೆ ಕಾಲಿಗೆ ಸುತ್ತಿಕೊಳ್ಳುತ್ತದೆ ಎಂದರು. ಅಳಿಯಂದಿರ ಮೊಣಕಾಲು ಚಡ್ಡಿಯನ್ನು ತೊಟ್ಟು ನಿಂತ ನನ್ನನ್ನು ನೋಡಿ ಮನೆಯವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಇಷ್ಟೆಲ್ಲವನ್ನೂ ನಗುತ್ತ ಸಹಿಸಿದೆ. ಅನಂತರ ಆ ತರುಣ ಹೇಳಿದ ಮಾತು ಮಾತ್ರ ನನ್ನನ್ನು ಬೆಚ್ಚಿಸಿತು.

"ಅಜ್ಜಾರ, ಕನ್ನಡಕ, ಗಡಿಯಾರ, ಕೊರಳಾಗಿನ ಸರ ಎಲ್ಲಾ ತೆಗೆದು ದಂಡಿಮ್ಯಾಲೆ ಇರೋರ ಕಡೆ ಕೊಡ್ರಿ. ಮೈಮ್ಯಾಲೆ ಏನೂ ಜೋತಾಡಬಾರದ್ರಿ."

ನನ್ನ ಕೊರಳಲ್ಲಿದ್ದುದು ಶಿವದಾರ. ಅದರಲ್ಲಿ ಇಷ್ಟಲಿಂಗದ ಕರಡಿಗೆ. ದೀಕ್ಷೆಯಾದಂದಿನಿಂದ ಒಂದು ಗಳಿಗೆಯೂ ಅಂಗದಿಂದ ಅಗಲಿರದ ಲಿಂಗವನ್ನು ವಿನೋದಕ್ಕಾಗಿ ತೆಗೆದಿರಿಸುವುದೆಂತು? ಹಾಗೆಯೇ ಧರಿಸಿ ಹೋದರೆ ಸೆಳವಿನಲ್ಲಿ ದಾರ ಹರಿದುಹೋದರೆ ಗತಿಯೇನು? ಗುರು ಕರುಣಿಸಿದ ಲಿಂಗವನ್ನು ಕಾಳಿಯ ಬಂಡೆಗಳ ನಡುವೆ ಹುಡುಕುವವರು ಯಾರು? ನಾನು ಬರುವುದಿಲ್ಲವೆಂದು ಹಿಂದೆ ಸರಿದೆ. ತರುಣ ಬೇಸರಿಸಲಿಲ್ಲ. "ಅದನ್ನ ತೆಗ್ಯಾಕ ಬರೂದಿಲ್ಲಂದ್ರ ಬ್ಯಾಡ್ರಿ. ಜೋತಾಡಲಾರದಂಗ ಕಟ್ಟೂಣು" ಎಂದ. ಮಗಳು ಕರಡಿಗೆಯನ್ನು ಮಡಿವಸ್ತ್ರದಲ್ಲಿ ಸುತ್ತಿ, ಎದೆಗೆ ಬಿಗಿಯಾಗಿ ಎರಡು ಸುತ್ತು ಕಟ್ಟಿದಳು. ಅದರ ಮೇಲೆ ಅವನು ತೇಲುಜಾಕೀಟನ್ನು ತೊಡಿಸಿ, ಪಟ್ಟಿಗಳನ್ನು ಒಂದೊಂದಾಗಿ ಎಳೆದು ಬಿಗಿದ. ಹೆಗಲ ಪಟ್ಟಿಗಳನ್ನು ಹಿಡಿದು ಮೇಲಕ್ಕೆತ್ತಿ ನೋಡಿ, ಜಾಕೀಟು ಅಲುಗದಿರುವುದನ್ನು ಖಚಿತಪಡಿಸಿಕೊಂಡ. ಶಿರಸ್ತ್ರಾಣವನ್ನೂ ಹಾಗೆಯೇ ಬಿಗಿದ.

ಮುಂದೆ ದಂಡೆಯಲ್ಲಿಯೇ ಪಾಠ ನಡೆಯಿತು. ಹುಟ್ಟಿನ ಒಂದು ತುದಿ ಅಗಲವಾದ ಹಲಗೆ, ಇನ್ನೊಂದು ತುದಿ ಅಡ್ಡಹಿಡಿ. ಆ ಅಡ್ಡಹಿಡಿಯನ್ನು ಒಂದು ಅಂಗೈ ಎಂದಿಗೂ ಬಿಡಕೂಡದು. ಬಿಟ್ಟರೆ ಪಕ್ಕದವರ ಮುಖಕ್ಕೆ ಪೆಟ್ಟಾಗುತ್ತದೆ. ಪಾದವನ್ನು ತೆಪ್ಪದ ಅಡ್ಡದಿಂಬಿನ ಕೆಳಗೆ ಸಿಕ್ಕಿಸಿ ಅಂಚಿನ ಮೇಲೆ ಕೂಡಬೇಕು. 'ಫಾರ್ವರ್ಡ್' ಎಂದರೆ ಎಲ್ಲರೂ ಕೂಡಿ ಮುಂದಕ್ಕೆ, 'ಬ್ಯಾಕ್' ಎಂದರೆ ಹಿಂದಕ್ಕೆ, 'ಸ್ಟಾಪ್' ಎಂದರೆ ಹುಟ್ಟನ್ನೆತ್ತಿ ಸುಮ್ಮನಿರಬೇಕು. ಯಾರಾದರೂ ನೀರಿಗೆ ಬಿದ್ದರೆ ನಿಲ್ಲಲು ಯತ್ನಿಸಬಾರದು. ಕಾಲು ಬಂಡೆಯ ಸಂದಿಯಲ್ಲಿ ಸಿಕ್ಕಿಬಿದ್ದರೆ ಪ್ರವಾಹ ದೇಹವನ್ನು ಅದುಮಿಬಿಡುತ್ತದೆ. ಅಂಗಾತ ಮಲಗಿ, ಪಾದಗಳನ್ನು ಮೇಲಕ್ಕೆತ್ತಿ, ಹರಿವಿನ ದಿಕ್ಕಿಗೆ ಮುಂದೆ ಚಾಚಿ ತೇಲಬೇಕು. ಹತ್ತು ನಿಮಿಷದಲ್ಲಿ ಮುಗಿದ ಈ ಪಾಠದಲ್ಲಿ ಒಂದು ಅನವಶ್ಯಕ ಪದವಿರಲಿಲ್ಲ. ಉಪನ್ಯಾಸಕನಾದ ನಾನು ಅದನ್ನು ಗಮನಿಸದಿರಲಿಲ್ಲ.

ತೆಪ್ಪದಲ್ಲಿ ನಾವು ಏಳು ಮಂದಿ, ಹಿಂಭಾಗದಲ್ಲಿ ಅಂಬಿಗ. ಮೊದಲ ಇಳಿಜಾರಿನಲ್ಲಿ ತೆಪ್ಪ ಮುಗ್ಗರಿಸಿ ಮೇಲೆದ್ದಾಗ ತಣ್ಣನೆಯ ನೀರು ಮುಖಕ್ಕೆ ಅಪ್ಪಳಿಸಿ ಉಸಿರೇ ನಿಂತಂತಾಯಿತು. ಎರಡನೆಯದರಲ್ಲಿ ಭಯ ಕಡಿಮೆಯಾಯಿತು. ಮೂರನೆಯದರ ಹೊತ್ತಿಗೆ, ಹೇಳಲು ನಾಚಿಕೆಯಾಗುತ್ತದೆ, ನನಗೆ ಎಲ್ಲವೂ ತಿಳಿಯಿತೆಂಬ ಭಾವ ಮೂಡಿತು. ಅಂಬಿಗ 'ಸ್ಟಾಪ್' ಎಂದ. ಎಲ್ಲರೂ ಹುಟ್ಟನ್ನೆತ್ತಿದರು. ಬಲಗಡೆಯ ಬಂಡೆಗೆ ತೆಪ್ಪ ತಗುಲುವುದೆಂದು ನನಗೆ ತೋರಿ, ಹೊರಕ್ಕೆ ಬಾಗಿ ಇನ್ನೊಂದು ಸಲ ಹುಟ್ಟು ಹಾಕಿದೆ. ಸೆಳವು ಹುಟ್ಟಿನ ಹಲಗೆಯನ್ನು ಹಿಡಿದೆಳೆಯಿತು. ಮರುಕ್ಷಣ ನಾನು ಕಾಳಿಯ ಒಡಲಲ್ಲಿದ್ದೆ.

ನೀರಿನೊಳಗೆ ಬೆಳಕು ಹಸುರಾಗಿತ್ತು. ಕಿವಿಯ ತುಂಬ ಗುಡುಗು. ಜಾಕೀಟು ನನ್ನನ್ನು ಮೇಲಕ್ಕೆತ್ತಿತು. ಆಗ ನನ್ನೆರಡು ಕೈಗಳೂ ಹುಟ್ಟನ್ನು ಬಿಟ್ಟು ಎದೆಯ ಮೇಲೆ ಬಂದು ಕರಡಿಗೆಯನ್ನು ಒತ್ತಿ ಹಿಡಿದಿದ್ದವು. ಅಂಬಿಗ ಬಾಗಿ ತನ್ನ ಹುಟ್ಟಿನ ಅಡ್ಡಹಿಡಿಯನ್ನು ನನ್ನ ಮುಖದ ಮುಂದೆ ಚಾಚಿದ್ದ. "ಅಜ್ಜಾರ, ಹಿಡೀರಿ! ಕೈ ಬಿಟ್ಟು ಇದನ್ನ ಹಿಡೀರಿ!" ಎಂದು ಕೂಗುತ್ತಿದ್ದ. ಕೈ ಬಿಡಲು ನನಗೆ ಮನಸ್ಸಾಗಲಿಲ್ಲ. ಹುಟ್ಟು ಎರಡು ಸಲ ನನ್ನ ಮುಂದೆ ಬಂದು ದೂರ ಸರಿಯಿತು. "ಕಟ್ಟಿದ್ದು ಗಟ್ಟಿ ಐತ್ರಿ, ಎಲ್ಲೂ ಹೋಗೂದಿಲ್ಲ! ಹಿಡೀರಿ!" ಎಂಬ ಮಾತು ಕಿವಿಗೆ ಬಿತ್ತು. ಬಲಗೈ ತಾನಾಗಿ ಎದೆಯನ್ನು ಬಿಟ್ಟು ಮುಂದೆ ಚಾಚಿತು. ಅವನು ಬಳಿಗೆಳೆದು, ಜಾಕೀಟಿನ ಹೆಗಲ ಪಟ್ಟಿಗಳೆರಡನ್ನೂ ಹಿಡಿದು, ಹಿಂದಕ್ಕೆ ವಾಲಿ, ಮೀನನ್ನು ಎಳೆದಂತೆ ನನ್ನನ್ನು ತೆಪ್ಪದೊಳಕ್ಕೆ ಎಳೆದುಕೊಂಡ. ಮುಟ್ಟಿ ನೋಡಿಕೊಂಡೆ. ಮಗಳು ಕಟ್ಟಿದ ಗಂಟು ಇದ್ದಲ್ಲಿಯೇ ಇತ್ತು.

ತೇಲಿಹೋದ ನನ್ನ ಹುಟ್ಟನ್ನು ಕೆಳಗೆ ಹಿಂದಿರುಗಿ ಪಡೆದೆವು. ಅಲ್ಲೊಂದು ವಿಶಾಲವಾದ ಮಡು. ನೀರು ನಿಂತಂತೆ ಕಾಣುವ ಶಾಂತ ತಾಣ. ಅಂಬಿಗ ತೆಪ್ಪವನ್ನು ತೇಲಲು ಬಿಟ್ಟು ನನಗೆ ಸುಧಾರಿಸಿಕೊಳ್ಳಲು ಹೇಳಿದ. ಗದರಿಸಲಿಲ್ಲ, ತಪ್ಪು ಯಾರದೆಂದು ಇಬ್ಬರಿಗೂ ತಿಳಿದಿತ್ತು. ಮಾತಿಗೆಂದು, "ತಮ್ಮಾ, ನಿನ್ನ ಊರು ಯಾವುದು?" ಎಂದು ಕೇಳಿದೆ. ಅವನು ನಾವು ಬಂದ ದಿಕ್ಕಿಗೆ ಗದ್ದವೆತ್ತಿ ತೋರಿಸಿದ. "ನಮ್ಮಜ್ಜನ ಕಾಲಕ್ಕ ಸೂಪಾರಿ. ಈಗ ರಾಮನಗರ."

ಕಾಳಿಯೂ ಪಾಂಡರಿಯೂ ಕೂಡುವ ಸಂಗಮದಲ್ಲಿ ಇದ್ದ ಊರು ಸೂಪಾ; ತಾಲೂಕಿಗೆ ಹೆಸರು ಕೊಟ್ಟ ಊರು. ಅಣೆಕಟ್ಟಿನ ನೀರು ಏರಿದಾಗ ಅದು ಮುಳುಗಿತು. ಜನರಿಗೆ ರಾಮನಗರದಲ್ಲಿ ನೆಲೆ ಕಲ್ಪಿಸಿದರು. ಈ ತರುಣ ಹುಟ್ಟಿದ್ದು ಆಮೇಲೆ. ಅವನ ಅಜ್ಜ ಬದುಕಿರುವವರೆಗೂ ಈ ಹೊಳೆಯ ಕಡೆಗೆ ಮತ್ತೆ ಬರಲಿಲ್ಲವಂತೆ. "ನಿನಗೆ ಸಿಟ್ಟಿಲ್ಲವೇನು?" ಎಂದೆ. "ನೀರಿನ ಮ್ಯಾಲೆ ಸಿಟ್ಟು ಮಾಡಿ ಏನ್ಮಾಡೂದ್ರಿ ಅಜ್ಜಾರ? ನೀರು ಬಿಟ್ಟ ದಿನ ನಮಗ ಕೆಲಸ. ಬಿಡಲಾರದ ದಿನ ಇಲ್ಲ" ಎಂದು ಹುಟ್ಟನ್ನು ಕೈಗೆತ್ತಿಕೊಂಡ.

ನಾನು ಬಾಗಲಕೋಟೆಯ ಕಡೆಯವನು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಊರಿನ ತಗ್ಗಿನ ಓಣಿಗಳು ಮುಳುಗಿ, ನವನಗರ ತಲೆಯೆತ್ತಿದ್ದನ್ನು ಕಣ್ಣಾರೆ ಕಂಡವನು. ಕೃಷ್ಣಾ-ಮಲಪ್ರಭೆಯರ ಕೂಡಲಸಂಗಮಕ್ಕೂ ನಾರಾಯಣಪುರದ ಹಿನ್ನೀರು ಬಂತು. ಅಲ್ಲಿ ಬಸವಣ್ಣನವರ ಐಕ್ಯಸ್ಥಾನದ ಸುತ್ತ ಬಾವಿಯಂತೆ ಗೋಡೆಯೆತ್ತಿ, ನೀರಿನ ನಡುವೆಯೂ ಅದನ್ನು ಉಳಿಸಿಕೊಂಡಿದ್ದಾರೆ. ನಾವೆಲ್ಲ ಮೆಟ್ಟಿಲಿಳಿದು ದರ್ಶನ ಪಡೆದು ಧನ್ಯರಾಗುತ್ತೇವೆ. ಸೂಪಾದ ಸಂಗಮಕ್ಕೆ ಆ ಭಾಗ್ಯವಿರಲಿಲ್ಲ. ಎಷ್ಟೋ ರಾತ್ರಿ ದೀಪದ ಬೆಳಕಿನಲ್ಲಿ ಕುಳಿತು ಕಾಯಕದ ಹಿರಿಮೆಯನ್ನು ಕುರಿತು ಬರೆದಿದ್ದೇನೆ. ಆ ದೀಪದ ಹಿಂದೆ ಇಂಥ ಊರುಗಳಿವೆಯೆಂದು ಒಮ್ಮೆಯೂ ನೆನೆದಿರಲಿಲ್ಲ. ಮನೆ ಮುಳುಗಿಸಿದ ನೀರಿನ ಮೇಲೆಯೇ ಈ ತರುಣ ಕಾಯಕ ಕಂಡುಕೊಂಡಿದ್ದಾನೆ. ಅಪರಿಚಿತರನ್ನು ಸುರಕ್ಷಿತವಾಗಿ ದಡ ಮುಟ್ಟಿಸುತ್ತಿದ್ದಾನೆ. ಮಡುವಿನಿಂದ ಮುಂದಿನ ದಾರಿಯುದ್ದಕ್ಕೂ ನಾನು ಅವನ ಮಾತನ್ನು ಮೀರಲಿಲ್ಲ. ಏಳು ಹುಟ್ಟುಗಳು ಒಟ್ಟಿಗೆ ಬಿದ್ದು ಒಟ್ಟಿಗೆ ಎದ್ದಾಗ ತೆಪ್ಪ ಎಷ್ಟು ಹಗುರವಾಗಿ ಸಾಗಿತೆಂಬುದನ್ನು ಅನುಭವಿಸಿಯೇ ತಿಳಿಯಬೇಕು.

ದಡದಲ್ಲಿ ಮನೆಯವರು ಬುತ್ತಿ ಬಿಚ್ಚಿದ್ದರು. ಸಜ್ಜಿರೊಟ್ಟಿ, ಶೇಂಗಾ ಚಟ್ನಿ, ಮೊಸರು. ಅಂಬಿಗನನ್ನೂ ಕರೆದು ಪಕ್ಕದಲ್ಲಿ ಕೂಡಿಸಿಕೊಂಡೆ. ನಾನು ನೀರಿಗೆ ಬಿದ್ದ ಸಂಗತಿಯನ್ನು ಮನೆಯವರಿಗೆ ಹೇಳುವುದು ಬೇಡವೆಂದು ಮಕ್ಕಳೊಡನೆ ಒಪ್ಪಂದವಾಗಿತ್ತು. ಎರಡನೆಯ ರೊಟ್ಟಿಯ ಹೊತ್ತಿಗೆ ತಮ್ಮನ ಮಗ ಅದನ್ನು ಮುರಿದ.

ಕುಟುಂಬಸಮೇತರಾಗಿ ಹೋಗಬಯಸುವ ವಾಚಕರಿಗೆ ಕೆಲವು ಸೂಚನೆಗಳು. ಮಳೆಗಾಲದಲ್ಲಿ ಹೊಳೆಯ ತಂಟೆಗೆ ಹೋಗಬೇಡಿರಿ. ಹೊರಡುವ ಮೊದಲು ಆಗ ರಾಫ್ಟಿಂಗ್ ನಡೆದಿದೆಯೇ, ನೀರು ಬಿಡುವರೇ ಎಂದು ವಿಚಾರಿಸಿರಿ. ಆರೋಗ್ಯದ ವಿಷಯದಲ್ಲಿ ಏನನ್ನೂ ಮುಚ್ಚಿಡಬೇಡಿರಿ. ಮಿತಿಗಿಂತ ಹೆಚ್ಚು ಜನರನ್ನು ಕೂಡಿಸಿದ ತೆಪ್ಪವನ್ನು ಏರಲೇಬೇಡಿರಿ. ಲಿಂಗಧಾರಿಗಳು ಕರಡಿಗೆಯನ್ನು ವಸ್ತ್ರದಲ್ಲಿ ಸುತ್ತಿ ಜಾಕೀಟಿನ ಒಳಗೆ ಎದೆಗೆ ಬಿಗಿದುಕೊಳ್ಳಿರಿ. ಕಟ್ಟಿದ ಮೇಲೆ ಕೈಗಳನ್ನು ಹುಟ್ಟಿಗೆ ಬಿಟ್ಟುಕೊಡಿರಿ. ಎಲ್ಲಕ್ಕಿಂತ ಮಿಗಿಲಾಗಿ, ಅಂಬಿಗ 'ಸ್ಟಾಪ್' ಎಂದಾಗ ನಿಲ್ಲಿಸಿರಿ.

ಕೆಲಕಾಲದ ಮೇಲೆ ಮಲಪ್ರಭೆಯ ದಂಡೆಯ ಒಂದು ಹಳ್ಳಿಯಲ್ಲಿ ಚೌಡಯ್ಯನವರನ್ನು ಕುರಿತು ಮಾತನಾಡಲು ಕರೆ ಬಂದಿತು. ಹಿಂದೆ ಒಂದು ತಾಸು ಮಾತನಾಡುತ್ತಿದ್ದವನು ಅಂದು ಅರ್ಧ ತಾಸಿನಲ್ಲಿ ಮುಗಿಸಿದೆ. ಸಭೆಯಲ್ಲಿ ಹರಿಗೋಲು ಹಾಕಿ ಬಾಳಿದ ಹಿರಿಯರೊಬ್ಬರು ಕುಳಿತಿರುವುದು ತಿಳಿದು, ಅವರನ್ನು ವೇದಿಕೆಗೆ ಬರಮಾಡಿಕೊಂಡು, ಸುಳಿಯಲ್ಲಿ ಹರಿಗೋಲನ್ನು ಹೇಗೆ ನಡೆಸುತ್ತಿದ್ದಿರೆಂದು ಕೇಳಿದೆ. ಅವರು ಮೊದಲು ಸಂಕೋಚಪಟ್ಟರು. ಅನಂತರ ಎದ್ದು ನಿಂತು, ಇಲ್ಲದ ಹುಟ್ಟನ್ನು ಹಿಡಿದು, ಕೈಮಾಡಿ ತೋರಿಸತೊಡಗಿದರು. ನಾನು ಕೆಳಗಿಳಿದು ಬಂದು ಸಭೆಯ ಜನರೊಡನೆ ಕುಳಿತು ನೋಡಿದೆ.