ಜಿನನಾಥಪುರದ ದಂಡನಾಯಕರು ಮತ್ತು ಮೂರು ಸಂಪುಟಗಳು

ಶ್ರವಣಬೆಳಗೊಳವನ್ನು ಕಾಣದ ಕನ್ನಡಿಗರು ವಿರಳ. ಆದರೆ ಬಾಹುಬಲಿಯ ದರ್ಶನ ಪಡೆದು ಮರಳುವವರಲ್ಲಿ ಬಹುಮಂದಿ ಚಿಕ್ಕಬೆಟ್ಟದ ಆಚೆ, ಉತ್ತರಕ್ಕೆ ಸುಮಾರು ಒಂದು ಮೈಲಿ ದೂರದಲ್ಲಿರುವ ಜಿನನಾಥಪುರವೆಂಬ ಪುಟ್ಟ ಗ್ರಾಮದತ್ತ ಹೆಜ್ಜೆಯಿಡುವುದಿಲ್ಲ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಈ ಊರನ್ನು ನೆಲೆಗೊಳಿಸಿದವನು ಅರಸನಲ್ಲ, ವರ್ತಕನೂ ಅಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಇಲ್ಲಿಯ ಸುಂದರವಾದ ಶಾಂತಿನಾಥ ಬಸದಿಯನ್ನು ಕಟ್ಟಿಸಿದವನೂ ದಂಡನಾಯಕನೇ. ಆತನ ಹೆಸರು ರೇಚರಸ. ಕತ್ತಿ ಹಿಡಿದ ಕೈಗಳೇ ಕಟ್ಟಿದ ಊರಿದು. ಆದುದರಿಂದ ಇದರ ಕಥೆಯನ್ನು ಅರಿಯಬೇಕಾದರೆ ಕರ್ನಾಟಕದ ಯುದ್ಧಗಳ ಇತಿಹಾಸವನ್ನು ಹೇಳುವ ಗ್ರಂಥಗಳನ್ನೇ ಅರಸಬೇಕಾಗುತ್ತದೆ. ಆ ಅರಸಾಟವನ್ನೂ ಊರಿನ ದರ್ಶನವನ್ನೂ ಒಟ್ಟಿಗೆ ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಹೊಯ್ಸಳರ ಕಾಲದ ಸೇನಾ ಚರಿತ್ರೆಯು ಮೊದಲು ಕಲ್ಲಿನ ಮೇಲೆ ಬರೆಯಲ್ಪಟ್ಟಿತು. ಆ ಕಲ್ಲುಗಳನ್ನು ಪುಸ್ತಕಕ್ಕೆ ಇಳಿಸಿದ ಕೀರ್ತಿ ‘ಎಪಿಗ್ರಾಫಿಯ ಕರ್ನಾಟಿಕ’ ಗ್ರಂಥಮಾಲೆಗೆ ಸಲ್ಲುತ್ತದೆ. ಅದರ ಎರಡನೆಯ ಸಂಪುಟ ಶ್ರವಣಬೆಳಗೊಳಕ್ಕೆ ಮೀಸಲು. ಈ ಒಂದೇ ಸಂಪುಟವು ಮೂರು ಕಾಲದಲ್ಲಿ ಮೂರು ರೂಪದಲ್ಲಿ ಹೊರಬಂದಿತು. ಬಿ. ಎಲ್. ರೈಸ್ ಅವರು 1889ರಲ್ಲಿ 144 ಶಾಸನಗಳನ್ನು ಪ್ರಕಟಿಸಿದರು. ಬಳಿಕ ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು ಬೆಟ್ಟ, ಬಸದಿ, ಕೆರೆ, ಸುತ್ತಣ ಹಳ್ಳಿಗಳನ್ನು ಶೋಧಿಸಿ, 1923ರಲ್ಲಿ 500 ಶಾಸನಗಳ ಪರಿಷ್ಕೃತ ಆವೃತ್ತಿಯನ್ನು ಸಿದ್ಧಪಡಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1973ರಲ್ಲಿ ಹೊರತಂದ ಆವೃತ್ತಿಯಲ್ಲಿ ಶಾಸನಗಳ ಸಂಖ್ಯೆ 573ಕ್ಕೆ ಏರಿತು. ಡಾ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಕು ಕಂಡದ್ದೂ 1923ರಲ್ಲೇ ಎಂಬುದನ್ನು ನಮ್ಮ ಓದುಗರು ಸಂತೋಷದಿಂದ ನೆನೆಯಬಹುದು. ಒಂದೆಡೆ ತಾಳೆಗರಿಯಿಂದ ವಚನಗಳು, ಇನ್ನೊಂದೆಡೆ ಬಂಡೆಯಿಂದ ಶಾಸನಗಳು, ಒಂದೇ ವರ್ಷ ನಾಡವರ ಕೈಸೇರಿದವು.

ಹೊಸ ಆವೃತ್ತಿ ಬಂದ ಮೇಲೆ ಹಳೆಯದರ ಗೊಡವೆ ಏಕೆಂದು ಕೆಲವರು ಕೇಳುತ್ತಾರೆ. ಇದಕ್ಕೆ ಉತ್ತರವನ್ನು ಚಿಕ್ಕಬೆಟ್ಟದ ಮೇಲೆಯೇ ಕಣ್ಣಾರೆ ಕಾಣಬಹುದು. ರೈಸ್ ಅವರ ಪುಸ್ತಕದಲ್ಲಿ 59ನೆಯ ಶಾಸನವೆಂದರೆ ಗಂಗರಾಜನ ವಿಜಯವನ್ನು ಸಾರುವ 1118ರ ಶಾಸನ. ನರಸಿಂಹಾಚಾರ್ಯರ ಆವೃತ್ತಿಯಲ್ಲಿ ಹೊಸ ಶಾಸನಗಳು ಸೇರಿ ಕ್ರಮವೂ ಬದಲಾದುದರಿಂದ ಅದು 73 ಆಯಿತು. ಅಲ್ಲಿ 59ನೆಯ ಸ್ಥಾನಕ್ಕೆ ಬಂದದ್ದು, ರೈಸ್ ಅವರಲ್ಲಿ 38 ಆಗಿದ್ದ ಕೂಗೆ ಬ್ರಹ್ಮದೇವರ ಕಂಬದ ಶಾಸನ. ಇದು ಗಂಗರ ಅರಸ ಮಾರಸಿಂಹನ ಕುರಿತದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದ ಆ ಅರಸನು, ನೊಳಂಬರನ್ನು ಮುರಿದು ‘ನೊಳಂಬಕುಲಾಂತಕ’ನೆನಿಸಿ, 974ರಲ್ಲಿ ಬಂಕಾಪುರದಲ್ಲಿ ಸಲ್ಲೇಖನ ವ್ರತದಿಂದ ದೇಹವಿಟ್ಟನು.

ಹೀಗೆ ‘ಶ್ರವಣಬೆಳಗೊಳ 59’ ಎಂದಷ್ಟೇ ಬರೆದರೆ, ಒಂದು ಪುಸ್ತಕ ಹಿಡಿದವನು ಹತ್ತನೆಯ ಶತಮಾನದ ಗಂಗರ ಅರಸನನ್ನು ಕಾಣುತ್ತಾನೆ. ಇನ್ನೊಂದನ್ನು ಹಿಡಿದವನು ಹನ್ನೆರಡನೆಯ ಶತಮಾನದ ಹೊಯ್ಸಳ ಸೇನಾನಿಯನ್ನು ಕಾಣುತ್ತಾನೆ. ನಡುವೆ ಹೆಚ್ಚುಕಡಮೆ ನೂರೈವತ್ತು ವರ್ಷಗಳ ಅಂತರ. ಕಲ್ಲುಗಳು ಮಾತ್ರ ಒಂದೇ ಬೆಟ್ಟದ ಒಂದೇ ಆವರಣಕ್ಕೆ ಸೇರಿದವು. ಈ ತೊಡಕನ್ನು ಮೊದಲೇ ಊಹಿಸಿದ ನರಸಿಂಹಾಚಾರ್ಯರು ಹೊಸ ಸಂಖ್ಯೆಯ ಪಕ್ಕದಲ್ಲಿ ಹಳೆಯದನ್ನು ಆವರಣದೊಳಗೆ 73 (59), 59 (38) ಎಂಬಂತೆ ತೋರಿಸಿದರು. ಆ ಪುಟ್ಟ ಆವರಣಚಿಹ್ನೆಯನ್ನು ಬಿಟ್ಟು ನಕಲು ಮಾಡಿದಾಗಲೇ ಗೊಂದಲ ಹುಟ್ಟುತ್ತದೆ.

ಮೂರು ಆವೃತ್ತಿಗಳನ್ನೂ ಒಂದೆಡೆ ಕಾಣುವುದು ಹಿಂದೆ ಸುಲಭವಾಗಿರಲಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ನಾವು ಮೊದಲು ಅರಸಿದೆವು. ಒಂದು ಗ್ರಂಥಾಲಯದಲ್ಲಿ 1923ರ ಪ್ರತಿ ದೊರೆಯಿತು. ಅದರ ಚಿತ್ರಪುಟಗಳನ್ನು ಯಾರೋ ಕಿತ್ತುಕೊಂಡಿದ್ದರು. 1889ರ ಪ್ರತಿಯ ಹಾಳೆಗಳು ಮುಟ್ಟಿದರೆ ಮುರಿಯುವಂತಿದ್ದವು. ಇಂದು ಹಳೆಯ ಸಂಪುಟಗಳ ಪ್ರತಿಬಿಂಬಗಳು ಅಂತರಜಾಲದಲ್ಲಿ ದೊರೆಯುತ್ತಿರುವುದು ದೊಡ್ಡ ಉಪಕಾರ. ಬೇಕಾದ ಪುಟಗಳ ಪ್ರತಿಗಳನ್ನು ಚೀಲದಲ್ಲಿಟ್ಟುಕೊಂಡು ನಾವು ಬೆಳಗೊಳಕ್ಕೆ ಹೊರಟೆವು. ಬೆಂಗಳೂರಿನಿಂದ ಈಗ ರೈಲಿನಲ್ಲಿಯೂ ಹೋಗಬಹುದು. ಈ ಮಾರ್ಗ 2017ರಲ್ಲಿ ಪೂರ್ಣಗೊಂಡಿತು.

ಚಿಕ್ಕಬೆಟ್ಟವನ್ನೇರಿದರೆ ಗಂಗರಾಜನ ಮನೆತನದ ಭಕ್ತಿ ಎಲ್ಲೆಡೆ ಕಾಣುತ್ತದೆ. ತಾಯಿ ಪೋಚವ್ವೆಗಾಗಿ ಆತ ಕಟ್ಟಿಸಿದ್ದು ಕತ್ತಲೆ ಬಸದಿ; ಮಡದಿ ಲಕ್ಷ್ಮಿ ಕಟ್ಟಿಸಿದ್ದು ಎರಡುಕಟ್ಟೆ ಬಸದಿ. ಬಾಗಿಲ ಬಳಿ ದೊಡ್ಡ ಶಾಸನವಿರುವುದರಿಂದಲೇ ಇನ್ನೊಂದಕ್ಕೆ ಶಾಸನ ಬಸದಿ ಎಂಬ ಹೆಸರು ಬಂದಿತು. ಆ ಶಾಸನವೇ ಮೇಲೆ ಹೇಳಿದ 73 (59). ಅದರ ಸಾರ ಹೀಗಿದೆ: ಕಲ್ಯಾಣದ ಚಾಲುಕ್ಯ ಚಕ್ರವರ್ತಿಯ ಸೇನೆ ಹನ್ನೆರಡು ಮಂದಿ ಸಾಮಂತರೊಡನೆ ಕಣ್ಣೆಗಾಲದಲ್ಲಿ ಬೀಡುಬಿಟ್ಟಿತ್ತು. ಗಂಗರಾಜನು ರಾತ್ರಿಯಲ್ಲಿ ಆ ಬೀಡಿನ ಮೇಲೆ ಎರಗಿ, ಸಾಮಂತರನ್ನು ಚದುರಿಸಿ, ಅವರ ವಸ್ತುವಾಹನಗಳನ್ನು ತಂದು ತನ್ನ ಒಡೆಯನಿಗೆ ಒಪ್ಪಿಸಿದನು. ಮೆಚ್ಚಿದ ಅರಸನು ಬೇಕಾದುದನ್ನು ಬೇಡೆಂದಾಗ, ಆತ ರಾಜ್ಯವನ್ನಾಗಲಿ ಹೊನ್ನನ್ನಾಗಲಿ ಬೇಡದೆ ಪರಮವೆಂಬ ಗ್ರಾಮವನ್ನು ಬೇಡಿದನು. ಅದನ್ನು ತಾಯಿಯೂ ಮಡದಿಯೂ ಕಟ್ಟಿಸಿದ ಜಿನಾಲಯಗಳ ಪೂಜೆಗೆ ಬಿಟ್ಟುಕೊಟ್ಟನು. ಇದಕ್ಕೂ ಮೊದಲು ಚೋಳರ ಅಧಿಕಾರಿ ಅದಿಯಮನನ್ನು ಸೋಲಿಸಿ ತಲಕಾಡನ್ನು ಗೆದ್ದುಕೊಟ್ಟವನೂ ಗಂಗರಾಜನೇ.

ಆ ಸೇನೆಯನ್ನು ಕಳುಹಿದ ಆರನೆಯ ವಿಕ್ರಮಾದಿತ್ಯನ ರಾಜಧಾನಿ ಕಲ್ಯಾಣ. ಸುಮಾರು ನಾಲ್ಕು ದಶಕಗಳ ನಂತರ ಅದೇ ಕಲ್ಯಾಣ ಕಳಚುರಿ ಬಿಜ್ಜಳನ ವಶವಾಯಿತು. ಬಸವಣ್ಣನವರ ಕಾಯಕಭೂಮಿಯೂ ಆಯಿತು. ಜಿನನಾಥಪುರದ ನಂಟು ಅಲ್ಲಿಗೂ ಚಾಚಿದೆ. ಶಾಂತಿನಾಥ ಬಸದಿಯ ರೇಚರಸನು ಮೊದಲು ಕಳಚುರಿಗಳ ದಂಡನಾಯಕನಾಗಿದ್ದು, ಅವರ ರಾಜ್ಯ ಕುಸಿದ ಬಳಿಕ ಹೊಯ್ಸಳ ಎರಡನೆಯ ಬಲ್ಲಾಳನ ಆಶ್ರಯಕ್ಕೆ ಬಂದವನು. ‘ವಸುಧೈಕಬಾಂಧವ’ನೆಂಬುದು ಆತನ ಬಿರುದು. ಅರಸೀಕೆರೆಯಲ್ಲಿ 1220ರಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದವನೂ ಅವನೇ. ಶರಣರ ಕಾಲದ ಕಲ್ಯಾಣದ ರಾಜಕೀಯವನ್ನು ಬಲ್ಲವರಿಗೆ, ಅಲ್ಲಿಯ ಒಬ್ಬ ಸೇನಾನಿಯ ಬಾಳಿನ ಮುಂದಿನ ಅಧ್ಯಾಯ ಈ ಹಳ್ಳಿಯಲ್ಲಿ ತೆರೆದುಕೊಳ್ಳುವುದು ಕುತೂಹಲದ ಸಂಗತಿ.

ಬೆಟ್ಟವಿಳಿದು ಜಿನನಾಥಪುರವನ್ನು ಸೇರಿದಾಗ ಹೊಲಗಳ ನಡುವೆ ಆ ಬಸದಿ ಕಣ್ಣಿಗೆ ಬೀಳುತ್ತದೆ. ಬೆಳಗೊಳದ ಬಹುತೇಕ ಬಸದಿಗಳ ಹೊರಗೋಡೆ ಸರಳವಾದುದು. ಇಲ್ಲಿ ಹಾಗಲ್ಲ. ಗೋಡೆಯ ಸುತ್ತಲೂ ಜಿನಮೂರ್ತಿಗಳು, ಯಕ್ಷಯಕ್ಷಿಯರು, ನರ್ತಿಸುವ ಸ್ತ್ರೀಯರು, ಬಳ್ಳಿಗಳ ಕುಸುರಿ ತುಂಬಿವೆ. ಕೆಲವು ಭಾಗಗಳು ಪೂರ್ತಿಯಾಗದೆ ನಿಂತಿವೆ. ಒಳಗೆ ಕಡೆದು ನಯಗೊಳಿಸಿದ ನವರಂಗದ ಕಂಬಗಳು. ಗರ್ಭಗೃಹದಲ್ಲಿ ಶಾಂತಿನಾಥನ ಪ್ರಶಾಂತ ಮೂರ್ತಿ. ರೇಚರಸನು ಈ ಜಿನನನ್ನು ಪ್ರತಿಷ್ಠಿಸಿ ಬಸದಿಯನ್ನು ಸಾಗರನಂದಿ ಸಿದ್ಧಾಂತದೇವರಿಗೆ ಒಪ್ಪಿಸಿದನೆಂದು ಪಾದಪೀಠದ ಬರಹ ತಿಳಿಸುತ್ತದೆ. ಊರಿನಲ್ಲಿ ಬಂಡೆಯ ಮೇಲೆ ನಿಂತ ಅರೆಗಲ್ಲು ಬಸದಿಯೂ ಇದೆ. ಅದು ಶಾಂತಿನಾಥ ಬಸದಿಗಿಂತ ಹಳೆಯದು. ನೂರಾರು ವರ್ಷಗಳ ಮಳೆಬಿಸಿಲು ಕಂಡ ಕಲ್ಲಿನಲ್ಲಿ ಅಕ್ಷರ ಸವೆದಲ್ಲಿ, ಅಂದು ಓದಿಟ್ಟ ಪುಟವೇ ನಮಗೆ ಆಧಾರ. ಹಳೆಯ ಆವೃತ್ತಿಯ ಬೆಲೆ ಅರಿವಾಗುವುದು ಇಂತಹ ತಾಣದಲ್ಲೇ.

ಇದು ಬೆಳಗೊಳಕ್ಕಷ್ಟೇ ಸೀಮಿತವಾದ ಮಾತಲ್ಲ. ಹಾಸನ ಜಿಲ್ಲೆಯ ಶಾಸನಗಳೆಲ್ಲ 1902ರಲ್ಲಿ ಐದನೆಯ ಸಂಪುಟವಾಗಿ ಬಂದಿದ್ದವು. ಹೊಸ ಮಾಲೆಯಲ್ಲಿ ಅವು ಬೇರೆ ಬೇರೆ ಸಂಪುಟಗಳಿಗೆ ಹಂಚಿಹೋಗಿ, ಬೇಲೂರು ಒಂಬತ್ತನೆಯದಾಯಿತು. ಹೈದರ್, ಟಿಪ್ಪು ಕಾಲದ ಯುದ್ಧಗಳನ್ನು ವಿವರಿಸುವ ಮಾರ್ಕ್ ವಿಲ್ಕ್ಸನ ಮೈಸೂರು ಇತಿಹಾಸದ ಕಥೆಯೂ ಅದೇ. ಅದು 1810ರಿಂದ 1817ರವರೆಗೆ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಗಿ, 1869ರಲ್ಲಿ ಮದರಾಸಿನಲ್ಲಿ ಮರುಮುದ್ರಣಗೊಂಡು, 1930ರಲ್ಲಿ ಮರ್ರೆ ಹ್ಯಾಮಿಕ್ ಅವರ ಟಿಪ್ಪಣಿಗಳೊಡನೆ ಮೈಸೂರಿನಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು. ಮೂರು ಸಂಪುಟಗಳ ಪುಟಸಂಖ್ಯೆ ಎರಡು ಸಂಪುಟಗಳಿಗೆ ಹೊಂದುವುದಾದರೂ ಹೇಗೆ?

ನಮ್ಮ ಹಳ್ಳಿಗಳ ಮಠ, ಗುಡಿ, ಮನೆತನಗಳ ಬಗ್ಗೆ ಸ್ಮರಣಸಂಚಿಕೆಗಳು ಆಗಾಗ ಹೊರಬರುತ್ತವೆ. ಅವುಗಳಲ್ಲಿ ಶಾಸನದ ಸಂಖ್ಯೆಯನ್ನು ಉಲ್ಲೇಖಿಸುವಾಗ ಆವೃತ್ತಿಯ ವರ್ಷವನ್ನೂ ಸೇರಿಸಿದರೆ ಮುಂದಿನವರಿಗೆ ದಾರಿ ತಪ್ಪದು. ಮನೆಯ ಅಟ್ಟದಲ್ಲಿ ಹಿರಿಯರು ಕೂಡಿಟ್ಟ ಹಳೆಯ ಸಂಪುಟಗಳಿದ್ದರೆ, ಹೊಸದು ಬಂದಿದೆಯೆಂದು ಅವನ್ನು ರದ್ದಿಗೆ ಹಾಕದೆ, ಮುಖಪುಟ ಹರಿದಿದ್ದರೂ ಒಳಗಿನ ಮುದ್ರಣದ ಪುಟವನ್ನು ಕಾಪಾಡಿ, ಸಮೀಪದ ಗ್ರಂಥಾಲಯಕ್ಕಾದರೂ ಒಪ್ಪಿಸಬೇಕು. ಬೆಳಗೊಳಕ್ಕೆ ಹೋಗುವ ಕುಟುಂಬಗಳು ಒಂದು ಗಂಟೆಯನ್ನು ಜಿನನಾಥಪುರಕ್ಕೆ ಮೀಸಲಿಡಲಿ. ಗೆದ್ದ ಸೇನಾನಿ ಕೊನೆಗೆ ಏನನ್ನು ಬೇಡಿದನೆಂಬುದನ್ನು ಮಕ್ಕಳಿಗೆ ಶಾಸನ ಬಸದಿಯ ಬಾಗಿಲಲ್ಲೇ ನಿಲ್ಲಿಸಿ ಹೇಳಲಿ.