ಕ್ರಷರಿನ ಪುಡಿ

ಆನೇಕಲ್ಲಿನ ಸುತ್ತಣ ಬಂಡೆಗಳಲ್ಲಿ ಜಲ್ಲಿಯ ಕಸುಬನ್ನು ನಾನು ಮೊದಲು ಕಂಡ ಕಾಲಕ್ಕೆ ಅದು ಬಹುಮಟ್ಟಿಗೆ ಕೈಗೆಲಸವಾಗಿಯೇ ಇದ್ದಿತು. ಗಂಡಸರು ಬಂಡೆಗೆ ಕುಳಿ ಹೊಡೆದು, ಮದ್ದಿಟ್ಟು ಸಿಡಿಸಿ, ದೊಡ್ಡ ಸುತ್ತಿಗೆಯಿಂದ ಒಡೆದುಕೊಟ್ಟ ಕಲ್ಲನ್ನು ಹೆಂಗಸರು ಗರಿಯ ನೆರಳಿನಲ್ಲಿ ಕುಳಿತು, ಬೆರಳುಗಳಿಗೆ ಹಳೆಯ ಟ್ಯೂಬಿನ ರಬ್ಬರು ಸುತ್ತಿಕೊಂಡು, ಸಂಜೆಯವರೆಗೆ ಕುಟ್ಟಿ ಜಲ್ಲಿಯಾಗಿಸುತ್ತಿದ್ದರು. ಆ ದೃಶ್ಯವನ್ನು ರಮ್ಯವೆಂದು ವರ್ಣಿಸಲು, ಚಕ್ಕೆ ಸಿಡಿದು ಕಣ್ಣು ಕಳೆದುಕೊಂಡವರನ್ನು ಬಲ್ಲ ನನಗೆ, ಮನಸ್ಸೊಪ್ಪುವುದಿಲ್ಲ.

ಅನಂತರ ಜಾ ಕ್ರಷರು ಬಂದಿತು. ನಿಶ್ಚಲವಾದ ಒಂದು ಉಕ್ಕಿನ ದವಡೆಯ ಬಳಿಗೆ ಇನ್ನೊಂದು ದವಡೆ ಸಾರಿ ಹಿಂಜರಿಯುವಾಗ ನಡುವೆ ಸಿಕ್ಕ ಕಲ್ಲು ಒಡೆಯುತ್ತ ಕೆಳಗಿಳಿಯುವ ಈ ಯುಕ್ತಿಗೆ ಅಮೆರಿಕದ ಎಲೀ ವ್ಹಿಟ್ನಿ ಬ್ಲೇಕ್ 1858ರಲ್ಲಿಯೇ ಪೇಟೆಂಟು ಪಡೆದಿದ್ದನು. ಕಲ್ಲಿನೊಡನೆ ಕಬ್ಬಿಣದ ತುಂಡು ಬಿದ್ದರೆ ಹಿಂದಣ ಟಾಗಲ್ ಪ್ಲೇಟು ತಾನು ಮುರಿದು ಯಂತ್ರವನ್ನು ಉಳಿಸುವ ಏರ್ಪಾಡು ನನಗೆ ಇಂದಿಗೂ ವಿಸ್ಮಯವೇ. ಜರಡಿಗಳು 40, 20, 12 ಮಿಲಿಮೀಟರಿನ ಜಲ್ಲಿಯನ್ನು ಬೇರ್ಪಡಿಸಿದ ಮೇಲೆ ಉಳಿಯುತ್ತಿದ್ದ ಪುಡಿಯನ್ನು ಮಾತ್ರ ಕೇಳುವವರು ವಿರಳ. ತಗ್ಗು ತುಂಬಿಸಲು ಒಯ್ದಷ್ಟೂ ಅದು ಹಿತ್ತಿಲಲ್ಲಿ ಗುಡ್ಡವಾಗುತ್ತಲೇ ಇದ್ದಿತು.

ಆ ಪುಡಿಗೆ ಬೆಲೆ ತಂದುದು ಹೊಳೆಯ ದುರವಸ್ಥೆ. ಪಿನಾಕಿನಿಯಂಥ ನದಿಗಳ ಪಾತ್ರವನ್ನು ಮರಳಿಗಾಗಿ ಲಾರಿಗಳು ಬಗೆದು ಬರಿದುಮಾಡಿದ ತರುವಾಯ, 2012ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 5 ಹೆಕ್ಟೇರಿಗಿಂತ ಕಿರಿದಾದ ಉಪಖನಿಜ ಗಣಿಗೂ ಪರಿಸರ ಅನುಮತಿ ಅಗತ್ಯವೆಂದು ವಿಧಿಸಿತು. ಹೊಳೆಯ ಮರಳು ದುರ್ಲಭವಾಗಲು, ಮನೆ ಕಟ್ಟುವವರು ಎಂ-ಸ್ಯಾಂಡಿನತ್ತ, ಎಂದರೆ ಕಲ್ಲನ್ನು ಪುಡಿಮಾಡಿ ತಯಾರಿಸಿದ ಮರಳಿನತ್ತ, ತಿರುಗಿದರು. ಆದರೆ ಪುಡಿಯೆಲ್ಲವೂ ಮರಳಲ್ಲ. ದವಡೆಯಿಂದ ಬಂದ ಕಣ ಚಪ್ಪಟೆಯಾಗಿ, ಚೂಪಾಗಿ, ಗಾರೆಗೆ ಹೆಚ್ಚು ನೀರನ್ನೂ ಸಿಮೆಂಟನ್ನೂ ಬೇಡುತ್ತದೆ. ವಿ.ಎಸ್.ಐ. ಎಂಬ ಯಂತ್ರದಲ್ಲಿಯಾದರೋ, ಮಹಾವೇಗದಿಂದ ತಿರುಗುವ ರೋಟರು ಜಲ್ಲಿಯನ್ನು ಸುತ್ತಲೂ ಎಸೆಯಲು, ಕಲ್ಲು ಕಲ್ಲಿಗೇ ಬಡಿದು, ಅಂಚು ಸವೆದು, ಹೆಚ್ಚುಕಡಿಮೆ ಘನಾಕಾರದ ಕಣವಾಗಿ ಹೊರಬೀಳುತ್ತದೆ. ಬಳಿಕ ಅತಿಸೂಕ್ಷ್ಮ ಪುಡಿಯನ್ನು ನೀರಿನಿಂದಲೋ ಗಾಳಿಯಿಂದಲೋ ಬೇರ್ಪಡಿಸಬೇಕು. 150 ಮೈಕ್ರಾನಿನ ಜರಡಿಯಲ್ಲಿ ಇಳಿದುಹೋಗುವ ಅಂಶ ಶೇಕಡ 20ನ್ನು ಮೀರಬಾರದೆಂಬ ಐ.ಎಸ್. 383 ಎಂಬ ಭಾರತೀಯ ಮಾನಕದ ನಿಯಮವನ್ನು ಗಾಳಿಗೆ ತೂರಿ ಹಸಿ ಪುಡಿಯನ್ನೇ ಮರಳೆಂದು ಮಾರುವುದು, ಬಡವನು ಸಾಲಮಾಡಿ ಕಟ್ಟಿದ ಗೋಡೆಗೆ ಬಗೆಯುವ ದ್ರೋಹವೆಂದೇ ನನ್ನ ಅಭಿಪ್ರಾಯ.

ಇಂದು ಆಪರೇಟರು ಗಾಜಿನ ಕೋಣೆಯಲ್ಲಿ ಕುಳಿತು, ಮೋಟರಿನ ಆಂಪಿಯರು ಏರಿದೊಡನೆ ಕಲ್ಲಿನ ಹರಿವನ್ನು ತಗ್ಗಿಸುತ್ತಾನೆ. ಕೆಳಗೆ, ಬೆಲ್ಟಿನ ಅಡಿಯಲ್ಲಿ ಉದುರಿದ ಪುಡಿಯನ್ನು ಸಲಿಕೆಯಿಂದ ಬಾಚುವ ಹುಡುಗನಿಗೆ ಮುಖಕ್ಕೊಂದು ಟವೆಲಷ್ಟೇ ರಕ್ಷೆ. ನಮ್ಮ ಗ್ರಾನೈಟಿನ ಪುಡಿಯಲ್ಲಿ ಸಿಲಿಕಾ ಧಾರಾಳವಾಗಿದೆ. ಅದರ ಸೂಕ್ಷ್ಮಕಣ ಶ್ವಾಸಕೋಶದಲ್ಲಿ ನೆಲೆಸಿ ತರುವ ಸಿಲಿಕೋಸಿಸ್‌ ವಾಸಿಯಾಗುವ ರೋಗವಲ್ಲ. ಕ್ರಷರುಗಳ ನಿಯಂತ್ರಣಕ್ಕೆಂದು ರಾಜ್ಯವು 2011ರ ಅಧಿನಿಯಮವನ್ನು ತಂದುದು ಉಚಿತವೇ ಆಯಿತು. ಆದರೂ, ಪುಡಿ ಒದ್ದೆಯಾದರೆ ಜರಡಿಯ ಕಣ್ಣು ಕಟ್ಟುವುದೆಂದು, ಧೂಳನ್ನು ಅಡಗಿಸುವ ನೀರಿನ ಸಿಂಪಣಿಯನ್ನು ನಿಲ್ಲಿಸಿದ ಘಟಕಗಳನ್ನು ನಾನು ಕಂಡಿದ್ದೇನೆ. ಪಾಳಿಯ ನಡುವೆ ಯಂತ್ರ ನಿಲ್ಲಿಸಿ, ಕಟ್ಟಿದ ಜರಡಿಯನ್ನು ಬಡಿದು ಬಿಡಿಸಿ, ಸಿಂಪಣಿಯನ್ನು ಮಾತ್ರ ನಿಲ್ಲಿಸದೆ ಕೆಲಸ ನಡೆಸಿದವರನ್ನೂ ಕಂಡಿದ್ದೇನೆ. ಅವರು ಕಳೆದುಕೊಂಡುದು ದಿನಕ್ಕೆ ಕೆಲವು ಟನ್ನು ಜಲ್ಲಿಯನ್ನು ಮಾತ್ರ.