ಪಳಗದ ಬ್ರೇಕು

ಹೊಸದಾಗಿ ಕೊಂಡು ತಂದ ಕಬ್ಬಿಣದ ಕಾವಲಿಯ ಮೇಲೆ ಮೊದಲ ದಿನವೇ ದೋಸೆ ಹೊಯ್ದರೆ ಅದು ಮೇಲೇಳುವುದಿಲ್ಲವೆಂಬುದನ್ನು ಅಡುಗೆಮನೆಯ ಆಸುಪಾಸಿನಲ್ಲಿ ಬೆಳೆದ ಮಕ್ಕಳೆಲ್ಲ ಬಲ್ಲರು. ಎಣ್ಣೆ ಸವರಿ, ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ, ಹೀಗೆ ನಾಲ್ಕಾರು ಸಲ ಪಳಗಿಸಿದ ಮೇಲೆಯೇ ಕಾವಲಿ ಮನೆಯವರ ಮಾತು ಕೇಳತೊಡಗುತ್ತದೆ. ರೈತನಾದರೂ ಎಳೆಯ ಹೋರಿಯನ್ನು ಮೊದಲ ದಿನವೇ ತುಂಬಿದ ಗಾಡಿಗೆ ಹೂಡುವುದಿಲ್ಲ. ಆದರೆ ಅಂಗಡಿಯಿಂದ ತಂದ ಯಂತ್ರದ ಭಾಗಕ್ಕೂ ಹೀಗೆ ಪಳಗುವ ಕಾಲ ಬೇಕೆಂದರೆ ವಿದ್ಯಾವಂತರೂ ನಂಬಲು ಹಿಂದೆಗೆಯುತ್ತಾರೆ. ಹೊಸತೆಂದ ಮೇಲೆ ಹಳೆಯದಕ್ಕಿಂತ ಮೇಲಾಗಿಯೇ ಇರಬೇಕಷ್ಟೆ ಎಂಬುದು ಅವರ ವಾದ.

ತೀರ್ಥಹಳ್ಳಿಯ ತರುಣ ಉಪಾಧ್ಯಾಯರೊಬ್ಬರ ವಾದವೂ ಅದೇ ಆಗಿತ್ತು. ಅವರ ತಾಯಿಯ ಕಣ್ಣಿಗೆ ಪೊರೆ ಬಂದಿತ್ತು. ಮರುದಿನ ಬೆಳಿಗ್ಗೆ ಆಗುಂಬೆಯ ಘಾಟಿ ಇಳಿದು ಅವರನ್ನು ಉಡುಪಿಗೆ ಕರೆದೊಯ್ಯಬೇಕಾಗಿತ್ತು. ಘಾಟಿಯ ಭಯದಿಂದಲೇ ಅವರು ಹಿಂದಿನ ದಿನ ತಮ್ಮ ಚಿಕ್ಕ ಕಾರನ್ನು ಗ್ಯಾರೇಜಿಗೆ ಒಯ್ದು, ಮುಂದಿನ ಚಕ್ರಗಳ ಬ್ರೇಕ್ ಪ್ಯಾಡುಗಳನ್ನು ಬದಲಾಯಿಸಿದ್ದರು. ಹಣ ಎಣಿಸಿಕೊಡುತ್ತ, "ಇನ್ನು ಹೆದರಿಕೆಯಿಲ್ಲ, ಬೆಳಿಗ್ಗೆ ನಿಶ್ಚಿಂತೆಯಿಂದ ಇಳಿಯಬಹುದು" ಎಂದರು. ಗ್ಯಾರೇಜಿನ ಮುದುಕ ಮೇಸ್ತ್ರಿ ಕೈಯ ಮಸಿಯನ್ನು ಒರೆಸಿಕೊಳ್ಳುತ್ತ, "ಹೆದರಬೇಕಾದದ್ದು ಈಗಲೇ ಮೇಷ್ಟ್ರೆ. ನಿನ್ನೆಯ ತನಕ ಪ್ಯಾಡು ಸವೆದಿತ್ತು, ಆದರೆ ಪಳಗಿತ್ತು" ಎಂದ.

ಮೇಸ್ತ್ರಿಯ ಮಾತಿನ ಅರ್ಥ ತಿಳಿಯಬೇಕಾದರೆ ಬ್ರೇಕಿನ ರಚನೆಯನ್ನು ಕೊಂಚ ನೋಡಬೇಕು. ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ತಟ್ಟೆಯೊಂದು. ಅದರ ಎರಡು ಮಗ್ಗುಲಿಗೂ ಒಂದೊಂದು ಪ್ಯಾಡು. ಕಾಲಿನಿಂದ ಒತ್ತಿದಾಗ ನಳಿಗೆಯೊಳಗಿನ ದ್ರವದ ಒತ್ತಡದಿಂದ ಈ ಪ್ಯಾಡುಗಳು ತಟ್ಟೆಯನ್ನು ಇಕ್ಕಳದಂತೆ ಹಿಡಿಯುತ್ತವೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಇಂಥದೊಂದು ಬ್ರೇಕಿಗೆ ಹಕ್ಕುಪತ್ರ ಪಡೆದಿದ್ದ. ಲೋಹಕ್ಕೆ ಲೋಹ ಉಜ್ಜಿ ಹೊರಡುತ್ತಿದ್ದ ಕೀರಲು ಸದ್ದನ್ನು ಜನ ಸಹಿಸಲಾರದೆ ಹೋದರು. ಅರ್ಧ ಶತಮಾನದ ಬಳಿಕ, 1953ರಲ್ಲಿ, ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆದ 24 ಗಂಟೆಗಳ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದಿತು. ಬೇಗ ಓಡುವುದಕ್ಕಿಂತ ತಡವಾಗಿ ಬ್ರೇಕು ಒತ್ತಬಲ್ಲುದೇ ಆ ಕಾರಿನ ದೊಡ್ಡ ಬಲವಾಗಿತ್ತು. ಹಿಂದೆ ಪ್ಯಾಡುಗಳಲ್ಲಿ ಕಲ್ನಾರನ್ನು ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶವನ್ನು ಕೆಡಿಸುವುದೆಂದು ತಿಳಿದ ಮೇಲೆ ಹಲವು ದೇಶಗಳು ಅದನ್ನು ಬಿಟ್ಟು ಬೇರೆ ನಾರುಗಳಿಗೂ ಲೋಹದ ಪುಡಿಗೂ ತಿರುಗಿದವು. ಇವೆಲ್ಲವನ್ನೂ ಹಿಡಿದಿಡುವುದು ಒಂದು ಬಗೆಯ ರಾಳ.

ತೊಡಕು ಇರುವುದು ಈ ರಾಳದಲ್ಲಿ. ಹೊಸ ಪ್ಯಾಡು ಮೊದಲ ಬಾರಿ ಚೆನ್ನಾಗಿ ಕಾದಾಗ ರಾಳದಿಂದ ಅನಿಲ ಹೊರಡುತ್ತದೆ. ಅದು ಪ್ಯಾಡಿಗೂ ತಟ್ಟೆಗೂ ನಡುವೆ ಸೇರಿ ಹಿಡಿತವನ್ನು ಸಡಿಲಿಸುತ್ತದೆ. ಕಾಲು ಒತ್ತಿದಲ್ಲಿಯೇ ಇದ್ದರೂ ಕಾರು ಜಾರುತ್ತಲೇ ಇರುತ್ತದೆ. ಅದಲ್ಲದೆ, ಹಳೆಯ ತಟ್ಟೆಯ ಮೇಲೆ ಹರಳುಗಲ್ಲಿನ ಬೀಸುವ ಕಲ್ಲಿಗೆ ಬಿದ್ದಂಥ ಸಣ್ಣ ಗೀರುಗಳಿರುತ್ತವೆ. ಸಮತಟ್ಟಾದ ಹೊಸ ಪ್ಯಾಡು ಆ ಗೀರುಗಳ ಏರುಗಳನ್ನಷ್ಟೇ ಮುಟ್ಟುತ್ತದೆ. ಹದವಾಗಿ ಕಾಯಿಸಿ ಆರಿಸುತ್ತ ಬಂದರೆ ಎರಡು ಮೈಗಳೂ ಒಂದಕ್ಕೊಂದು ಹೊಂದುತ್ತವೆ. ಪ್ಯಾಡಿನ ದ್ರವ್ಯವು ತೆಳ್ಳನೆಯ ಪೊರೆಯಾಗಿ ತಟ್ಟೆಗೆ ಹತ್ತಿಕೊಳ್ಳುತ್ತದೆ. ಕಾವಲಿಯ ಎಣ್ಣೆಪೊರೆ ದೋಸೆಯನ್ನು ಬಿಟ್ಟುಕೊಡಲು, ಈ ಪೊರೆ ಹಿಡಿದುಕೊಳ್ಳಲು; ಅಷ್ಟೇ ವ್ಯತ್ಯಾಸ.

ಘಾಟಿಯಲ್ಲಿ ಬ್ರೇಕು ಎಷ್ಟು ಕಾಯುತ್ತದೆಂಬುದನ್ನು ಲೆಕ್ಕ ಹಾಕಿ ನೋಡಿದರೆ ಎದೆ ನಡುಗುತ್ತದೆ. ಜನರೂ ಸೇರಿ 1000 ಕಿಲೋಗ್ರಾಂ ತೂಗುವ ಕಾರು 100 ಮೀಟರು ಕೆಳಗಿಳಿದರೆ, ಮೂರು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಕ್ತಿ ಎಲ್ಲಿಯಾದರೂ ಕಳೆದುಹೋಗಬೇಕು. ಅದನ್ನು ಎಂಜಿನ್ನು ತಡೆಹಿಡಿಯದಿದ್ದರೆ ಬಹುಮಟ್ಟಿಗೆ ಅಂಗೈಯಗಲದ ಪ್ಯಾಡುಗಳೇ ನುಂಗಿಕೊಳ್ಳಬೇಕು. ಆಗುಂಬೆಯಲ್ಲಿ ಹಿಂದಕ್ಕೆ ಮುರಿದು ಹೊರಳುವ ತಿರುವುಗಳೇ ಹದಿನಾಲ್ಕು. ಒಂದೊಂದರಲ್ಲಿಯೂ ಎದುರಿನಿಂದ ಏರಿ ಬರುವ ವಾಹನಕ್ಕೆ ದಾರಿ ಬಿಟ್ಟು ನಿಲ್ಲಬೇಕಾಗಬಹುದು.

ಉಪಾಧ್ಯಾಯರು ಇಷ್ಟನ್ನೂ ಕೇಳಿ, "ಹಾಗಾದರೆ ಏನು ಮಾಡುವುದು? ಬೆಳಿಗ್ಗೆ ಹೋಗದೆ ವಿಧಿಯಿಲ್ಲ" ಎಂದರು. ಮೇಸ್ತ್ರಿ ಬಾಗಿಲು ತೆರೆದು ಪಕ್ಕದಲ್ಲಿ ಕುಳಿತು, ಮೊದಲು ಕಾರು ನಿಂತಿರುವಂತೆಯೇ ಬ್ರೇಕು ಒತ್ತಲು ಹೇಳಿದ. ಕಾಲು ತಳ ಮುಟ್ಟಿತು! ಉಪಾಧ್ಯಾಯರ ಮುಖ ಬಿಳಿಚಿತು. ಪ್ಯಾಡು ಹಾಕುವಾಗ ಹಿಂದಕ್ಕೆ ತಳ್ಳಿದ ಪಿಸ್ಟನ್ನು ಇನ್ನೂ ಮುಂದೆ ಬಂದಿರಲಿಲ್ಲ, ಅಷ್ಟೆ. ಐದಾರು ಸಲ ಒತ್ತಿದ ಮೇಲೆ ಕಾಲಿನಡಿಯಲ್ಲಿ ಬಿಗಿ ಬಂದಿತು. ಇದನ್ನು ಮರೆತು ಗ್ಯಾರೇಜಿನ ಬಾಗಿಲಲ್ಲಿಯೇ ಗೋಡೆಗೆ ಗುದ್ದಿದವರುಂಟು.

ಇಬ್ಬರೂ ಮೇಗರವಳ್ಳಿಯ ಕಡೆಗೆ ಹೊರಟರು. ಹಿಂದೆ ಮುಂದೆ ವಾಹನವಿಲ್ಲದ ನೇರ ದಾರಿಯಲ್ಲಿ ಗಂಟೆಗೆ 50 ಕಿಲೋಮೀಟರು ವೇಗ ಹಿಡಿದು, ಹದವಾಗಿ ಒತ್ತಿ 10ಕ್ಕೆ ಇಳಿಸುವುದು, ಪೂರ್ತಿ ನಿಲ್ಲಿಸದೆ ಕಾಲು ಬಿಡುವುದು, ಒಂದೆರಡು ನಿಮಿಷ ಸುಮ್ಮನೆ ಓಡಿಸಿ ಗಾಳಿಗೆ ಆರಗೊಡುವುದು, ಮತ್ತೆ ಒತ್ತುವುದು. ಹೀಗೆ ಹತ್ತು ಬಾರಿ. ನಾಲ್ಕನೆಯ ಸಲಕ್ಕೆ ಸುಟ್ಟ ವಾಸನೆ ಬಂದಿತು. ಉಪಾಧ್ಯಾಯರು ಗಾಬರಿಯಿಂದ ಕಾರನ್ನು ನಿಲ್ಲಿಸಹೊರಟಾಗ ಮೇಸ್ತ್ರಿ ಗದರಿದ: "ನಿಲ್ಲಿಸಬೇಡಿ! ಕಾದ ಪ್ಯಾಡು ಕಚ್ಚಿಕೊಂಡು ನಿಂತರೆ ತಟ್ಟೆಯ ಮೇಲೆ ಅಚ್ಚು ಬೀಳುತ್ತದೆ. ಆಮೇಲೆ ಒತ್ತಿದಾಗಲೆಲ್ಲ ಸ್ಟೇರಿಂಗು ನಡುಗುತ್ತದೆ." ಹಳ್ಳಿಯ ಶಾಲೆಯಲ್ಲಿ ನಲವತ್ತು ಮಕ್ಕಳನ್ನು ಗದರುವವರು ಆ ಸಂಜೆ ತುಟಿ ಪಿಟಕ್ಕೆನ್ನದೆ ಹೇಳಿದಂತೆ ಕೇಳಿದರು. ಎಂಟನೆಯ ಸಲಕ್ಕೆ ಹಿಡಿತ ಬದಲಾದದ್ದು ಅವರ ಕಾಲಿಗೇ ತಿಳಿಯಿತು. ಅದೇ ಒತ್ತಿಗೆ ಕಾರು ಇನ್ನಷ್ಟು ಬೇಗ ತಗ್ಗುತ್ತಿತ್ತು. ಹಿಂದಿರುಗುವಾಗ ಬ್ರೇಕನ್ನು ಆದಷ್ಟು ಮುಟ್ಟದೆ ನಿಧಾನವಾಗಿ ಬಂದರು. ಹತ್ತು ಬಾರಿ ಒತ್ತಿದ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲವೆಂದೂ, ಮುಂದಿನ ಇನ್ನೂರು ಮುನ್ನೂರು ಕಿಲೋಮೀಟರು ಮೃದುವಾಗಿಯೇ ನಡೆಸಬೇಕೆಂದೂ, ಘಾಟಿಯಲ್ಲಿ ಎರಡನೆಯ ಗೇರಿನಿಂದ ಮೇಲೇರಕೂಡದೆಂದೂ ಮೇಸ್ತ್ರಿ ಎಚ್ಚರಿಸಿದ. ಈ ತಿರುಗಾಟಕ್ಕೆಂದು ಕೊಡಹೋದ ಹಣವನ್ನು ಅವನು ಮುಟ್ಟಲಿಲ್ಲ.

ಮರುದಿನ ಮಂಜು ಕರಗಿದ ಮೇಲೆ ಕಾರು ಆಗುಂಬೆಯನ್ನು ಬಿಟ್ಟಿತು. ಎಂಜಿನ್ನು ಗುರುಗುಟ್ಟುತ್ತ ತಾನೇ ಕಾರನ್ನು ತಡೆದು ಹಿಡಿದಿತ್ತು. ತಿರುವು ಹತ್ತಿರವಾದಾಗ ಮಾತ್ರ ಉಪಾಧ್ಯಾಯರು ಒಮ್ಮೆ ಒತ್ತುವರು, ಬಿಡುವರು. ಏಳನೆಯ ತಿರುವಿನಲ್ಲಿ ಬಸ್ಸೊಂದು ದಿಢೀರನೆ ಎದುರಾಯಿತು. ಅವರ ಕಾಲು ತಾನಾಗಿಯೇ ಬಲವಾಗಿ ಇಳಿಯಿತು. ಕಾರು ನೆಟ್ಟಗೆ ನಿಂತಿತು. ಬಸ್ಸು ಒಂದು ಮೊಳ ದೂರದಲ್ಲಿ ಉಸಿರುಗರೆಯುತ್ತ ದಾಟಿಹೋಯಿತು.

ಸೋಮೇಶ್ವರದಲ್ಲಿ ಅವರು ಮರದ ನೆರಳಿಗೆ ಕಾರನ್ನು ತಿರುಗಿಸಿ, ಗೇರಿನಲ್ಲಿ ನಿಲ್ಲಿಸಿ, ಚಕ್ರದ ಅಡಿಗೆ ಕಲ್ಲೊಂದನ್ನು ಕೊಟ್ಟರು. ಚಕ್ರದ ಹತ್ತಿರ ಕೈಯೊಡ್ಡಿದಾಗ ಒಲೆಯ ಬಾಯಿಯ ಝಳ ಬಡಿಯಿತು. ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ತಾಯಿ ಎಚ್ಚೆತ್ತು, ಮಬ್ಬುಗಣ್ಣುಗಳನ್ನು ಕಿಟಕಿಯತ್ತ ತಿರುಗಿಸಿ, "ಘಾಟಿ ಬಂತೇನೋ ಮಗಾ?" ಎಂದು ಕೇಳಿದರು.